ಹಾಜರಿ ಪಟದಲ್ಲಿಲ್ಲದ ಕೂಸು

ನಿವೃತ್ತಿಯಾದ ಮರುವರ್ಷ ಯಾದಗಿರಿಯಲ್ಲಿ ಹೊಸ ಶಿಕ್ಷಕರಿಗೆ ತರಬೇತಿ ಇಟ್ಟಿದ್ದರು. ಮೂವತ್ತು ವರ್ಷಕ್ಕೂ ಮಿಕ್ಕಿ ಒಂದನೇ ತರಗತಿಯನ್ನೇ ಹಿಡಿದುಕೊಂಡು ಕೂತವಳು ಎಂದು ನನ್ನನ್ನೂ ಕರೆದರು. ಶಾಲು ಹೊದಿಸಿ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಮಗುವಿಗೆ ಯಾವ ವಯಸ್ಸಿನಲ್ಲಿ, ಹೇಗೆ ಓದು ಕಲಿಸಬೇಕು?" ಎಂದು ಕೇಳಿದಳು. ನಾನು ತರಬೇತಿ ಪುಸ್ತಕದಲ್ಲಿ ಇರುವುದನ್ನೇ ಐದು ನಿಮಿಷ ಹೇಳಿ ಕೂತೆ. ಮೊದಲು ಕೇಳುವುದು, ಆಮೇಲೆ ಮಾತು, ಆಮೇಲೆ ಓದು, ಕೊನೆಗೆ ಬರಹ. ಎಲ್ಲರೂ ಬರೆದುಕೊಂಡರು. ಬಸ್ಸಿನಲ್ಲಿ ಸುರಪುರಕ್ಕೆ ವಾಪಸು ಬರುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಹುಡುಗಿಗೆ ಹೇಳಬೇಕಾಗಿದ್ದದ್ದು ಮರೆಮ್ಮನ ವಿಷಯ. ಅಷ್ಟು ಜನರ ಮುಂದೆ ಹೇಳಲು ಧೈರ್ಯ ಬರಲಿಲ್ಲ, ಯಾಕೆಂದರೆ ಅದರಲ್ಲಿ ತಪ್ಪು ನನ್ನದೇ. ಈಗ ಬರೆಯುತ್ತಿದ್ದೇನೆ.

ಮೊದಲು ನೌಕರಿಯ ಬಗ್ಗೆ ನಾಲ್ಕು ಮಾತು. ಒಂದನೇ ತರಗತಿ ಯಾರಿಗೂ ಬೇಡವಾದ ತರಗತಿ. ಹೊಸಬರು ಬಂದರೆ ಅವರ ತಲೆಗೆ ಕಟ್ಟುತ್ತಾರೆ, ಅವರು ಹಳಬರಾದ ಕೂಡಲೇ ಜಾರಿಕೊಳ್ಳುತ್ತಾರೆ. ಸಿಂಬಳ ಒರೆಸಬೇಕು, ಚಡ್ಡಿಯ ಲಾಡಿ ಕಟ್ಟಬೇಕು, ಮಧ್ಯಾಹ್ನ ನಿದ್ದೆ ಹೋದವರನ್ನು ತುಳಿಯದಂತೆ ದಾಟಿಕೊಂಡು ಬೋರ್ಡಿನ ಹತ್ತಿರ ಹೋಗಬೇಕು. ನಾನು ಯಾಕೆ ಬಿಡಲಿಲ್ಲ ಎಂದು ಬಹಳ ಜನ ಕೇಳಿದ್ದಾರೆ. ದೊಡ್ಡ ಕಾರಣವೇನೂ ಇಲ್ಲ. ನಿನ್ನೆಯ ತನಕ ಗೀರುಗಳಾಗಿದ್ದವು ಇವತ್ತು ಮಾತಾಗಿ ಕೇಳಿದಾಗ ಮಗು ಮುಖ ಎತ್ತಿ ನೋಡುತ್ತದೆ. ಆ ನೋಟ ನನಗೆ ರುಚಿ ಹತ್ತಿತ್ತು. ಎರಡನೇ ತರಗತಿಯ ಮೇಲೆ ಅದು ಸಿಗುವುದಿಲ್ಲ.

ನನ್ನ ಮೊದಲ ಶಾಲೆ ಶಹಾಪುರದಿಂದ ಆಚೆ, ಕಾಲುವೆ ಪಕ್ಕದ ಒಂದು ಹಳ್ಳಿಯಲ್ಲಿತ್ತು. ಹೆಸರು ಬರೆಯುವುದಿಲ್ಲ. ಆಗಿನ್ನೂ ಕಾಲುವೆಗೆ ನೀರು ಬಂದು ಕೆಲವೇ ವರ್ಷ. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬದು ಹಾಕಿ ಭತ್ತ ನಾಟಿ ಮಾಡುತ್ತಿದ್ದರು. ಶಾಲೆಯ ಹಿಂದೆಯೇ ಉಪಕಾಲುವೆ ಹರಿಯುತ್ತಿತ್ತು. ಕೋಣೆ ಎರಡು, ಶಿಕ್ಷಕರು ಇಬ್ಬರು. ಮೂರು ಮತ್ತು ನಾಲ್ಕನೇ ತರಗತಿ ಹೆಡ್‌ಮಾಸ್ತರರಿಗೆ, ಒಂದು ಎರಡು ನನಗೆ. ನಾಲ್ಕಕ್ಕೆ ಶಾಲೆ ಮುಗಿಯುತ್ತಿತ್ತು. ಐದನೇ ತರಗತಿ ಬೇಕೆಂದರೆ ಕಾಲುವೆ ದಾಟಿ ಮುಂದಿನ ಊರಿಗೆ ನಡೆಯಬೇಕು.

ಹೆಡ್‌ಮಾಸ್ತರರು ಹಳೆಯ ಕಾಲದ ಮನುಷ್ಯ. ಬಿಳಿ ಟೊಪ್ಪಿಗೆ, ಇಸ್ತ್ರಿ ಹಾಕಿದ ಅಂಗಿ, ಉರ್ದು ಶಾಲೆಯಲ್ಲಿ ಕಲಿತ ಶಿಸ್ತು. ಅವರಿಗೆ ಮಕ್ಕಳಿಗಿಂತ ಹಾಜರಿ ಪಟದ ಮೇಲೆ ಪ್ರೀತಿ ಜಾಸ್ತಿ ಎಂದು ನಾನು ಬೆನ್ನ ಹಿಂದೆ ಅನ್ನುತ್ತಿದ್ದೆ. ಪಟದಲ್ಲಿ ಒಂದು ಚುಕ್ಕಿ ಮಸಿ ಬಿದ್ದರೆ ಆ ದಿನ ಊಟ ಸೇರುತ್ತಿರಲಿಲ್ಲ ಅವರಿಗೆ. ಆದರೆ ನನ್ನನ್ನು ಯಾವತ್ತೂ ಮಕ್ಕಳ ಮುಂದೆ ಬೈದವರಲ್ಲ. ಬೈಯುವುದಿದ್ದರೆ ಘಂಟೆ ಹೊಡೆದ ಮೇಲೆ ಕರೆಯುತ್ತಿದ್ದರು.

ನಾನು ಕಲಿಸುತ್ತಿದ್ದ ಪದ್ಧತಿ ನನಗೆ ಕಲಿಸಿದ್ದೇ. ನಾನು ಹೇಳುವುದು, ಮಕ್ಕಳು ಕೂಗುವುದು. ಅರ್ಧ ಮೈಲಿ ದೂರದ ಹೊಲದವರಿಗೂ ಕೇಳುವಂತೆ ಕೂಗಿದರೆ ಶಾಲೆ ಚೆನ್ನಾಗಿ ನಡೆದಿದೆ ಎಂದು ಊರಿನವರ ಲೆಕ್ಕ, ನನ್ನದೂ ಅದೇ. ಆರು ತಿಂಗಳಲ್ಲಿ ಮಕ್ಕಳು ಪುಸ್ತಕ ಪೂರ್ತಿ ಓದತೊಡಗಿದರು. ನನಗೆ ಸ್ವಲ್ಪ ಸೊಕ್ಕೂ ಬಂತು.

ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಸೈಕಲ್ ಇಳಿದು, ನೀರು ಕುಡಿದು, ನೇರ ನನ್ನ ಕೋಣೆಗೇ ಬಂದರು. ನಾನು ಕಣ್ಸನ್ನೆ ಮಾಡಿದೆ, ಮಕ್ಕಳು ಕೂಗಿದರು. ಸಾಹೇಬರು ಒಂದು ಮಗುವನ್ನು ಹತ್ತಿರ ಕರೆದು ಪುಸ್ತಕದಲ್ಲಿ ಒಂದು ಪುಟ ತೆರೆದರು. ಕಿರೀಟ ಇಟ್ಟವನ ಚಿತ್ರ, ಕೆಳಗೆ 'ಅರಸ' ಎಂದು ಅಚ್ಚು. ಮಗು ಬೆರಳಿಟ್ಟು, "ರಾಜಾ ರೀ" ಅಂದಿತು. ಸಾಹೇಬರು ನಗಲಿಲ್ಲ. ಇನ್ನೊಂದು ಪುಟ ತೆರೆದು ಚಿತ್ರದ ಮೇಲೆ ಅಂಗೈ ಮುಚ್ಚಿ ಇಟ್ಟರು. ಆ ಮಗು ಸುಮ್ಮನಾಯಿತು. ಅದರ ಪಕ್ಕದ್ದೂ ಸುಮ್ಮನಾಯಿತು. ಆಮೇಲೆ ಇಡೀ ಕೋಣೆ ಸುಮ್ಮನಾಯಿತು.

"ಟೀಚರ್, ನಿಮ್ಮ ಮಕ್ಕಳ ಬಾಯಿ ಭಾಳ ಚಲೋ ಅದ," ಅಂದರು. "ಕಣ್ಣು ಇನ್ನಾ ಶಾಲಿಗಿ ಬಂದಿಲ್ಲ. ಅವನ್ನೂ ಕರಕೊಂಡು ಬರ್ರಿ."

ಆ ರಾತ್ರಿ ನಾನು ಅತ್ತೆ. ಮರುದಿನದಿಂದ ಕೂಗುವುದನ್ನು ನಿಲ್ಲಿಸಿದೆ. ಊರಿನವರು ಟೀಚರಿಗೆ ಗಂಟಲು ಬಿದ್ದಿದೆಯೇ ಎಂದು ವಿಚಾರಿಸಿದರು. ಸಾಹೇಬರೇ ಮುಂದಿನ ಭೇಟಿಯಲ್ಲಿ ದಾರಿ ತೋರಿಸಿದರು. ವರ್ಣಮಾಲೆಯ ಸಾಲು ಬಿಟ್ಟು, ಬರೆಯಲು ಸುಲಭವಾದ ರ, ಗ, ಸ, ದ ಮೊದಲು ತೆಗೆದುಕೊಳ್ಳುವುದು. ನಾಲ್ಕು ಅಕ್ಷರ ಬಂದ ಕೂಡಲೇ ಅವುಗಳಿಂದ ಮಾತು ಕಟ್ಟುವುದು. ಪುಸ್ತಕ ನಾಲ್ಕು ಮಕ್ಕಳಿಗೆ ಒಂದರಂತೆ ಇದ್ದುದರಿಂದ ಅವರನ್ನು ಸುತ್ತಲೂ ಕೂರಿಸಿ ನಡುವೆ ಪುಸ್ತಕ ಇಡುವುದು. ಒಬ್ಬರು ಓದುವಾಗ ಉಳಿದವರು ಬೆರಳು ನೋಡಬೇಕು. ಈ ಸುತ್ತ ಕೂರಿಸುವ ಪದ್ಧತಿಯಿಂದ ಮುಂದೆ ಏನಾಯಿತು ಎಂದು ಹೇಳುತ್ತೇನೆ.

ಇನ್ನೊಂದು ಸಲ ಮೋಸ ಹೋದದ್ದೂ ಅದೇ ಶಾಲೆಯಲ್ಲಿ. ಭತ್ತ ಬೆಳೆಯಲು ಆಂಧ್ರದಿಂದ ಬಂದವರ ಕ್ಯಾಂಪು ಕಾಲುವೆಯ ಆಚೆ ಇತ್ತು. ಅಲ್ಲಿಂದ ಸತ್ಯವತಿ ಎಂಬ ಹುಡುಗಿ ಬಂದು ಸೇರಿದಳು. ಮನೆಯಲ್ಲಿ ತೆಲುಗು ಅಕ್ಷರ ಕಲಿತಿದ್ದಳು, ಎರಡೂ ಅಕ್ಷರ ಅಕ್ಕತಂಗಿಯರಂತೆ ಇರುವುದರಿಂದ ಎರಡೇ ತಿಂಗಳಿಗೆ ಕನ್ನಡ ಪುಸ್ತಕವನ್ನು ಗಡಗಡ ಓದಿದಳು. ಚಿತ್ರ ಮುಚ್ಚಿದರೂ ಓದಿದಳು. ಎಲ್ಲರ ಮುಂದೆ ನಿಲ್ಲಿಸಿ ಶಾಭಾಸ್ ಅಂದೆ. ಒಂದು ದಿನ ಓದಿದ ಸಾಲಿನಲ್ಲಿದ್ದ 'ಕಟ್ಟಿಗೆ' ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಪಾಪ, ಒಂದು ಮಾತೂ ಅವಳಿಗೆ ತಿಳಿದಿರಲಿಲ್ಲ. ಬಾಯಿ ಬಂದರೆ ಓದಲ್ಲ, ಕಣ್ಣು ಬಂದರೂ ಪೂರ್ತಿ ಓದಲ್ಲ ಎಂದು ಅವತ್ತು ತಿಳಿಯಿತು. ಇಷ್ಟು ತಿಳಿದ ಮೇಲೆ ಇನ್ನು ನನಗೆ ಮೋಸವಾಗುವುದಿಲ್ಲ ಎಂದುಕೊಂಡೆ.

ಮರೆಮ್ಮ ಬಂದಾಗ ಅವಳಿಗೆ ಎಂಟು ವರ್ಷ ಇದ್ದಿರಬೇಕು. ತಾನಾಗಿಯೇ ಬಂದಳು. ಕಂಕುಳಲ್ಲಿ ಎರಡು ವರ್ಷದ ತಂಗಿ ಚಂದಮ್ಮ. ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿಯುವವರು. ನೀರಾವರಿ ಬಂದ ಮೇಲೆ ಹೆಂಗಸರಿಗೆ ವರ್ಷದ ಎರಡೂ ಬೆಳೆಯಲ್ಲಿ ನಾಟಿ, ಕಳೆ, ಕೊಯಿಲು ಇದ್ದೇ ಇತ್ತು. ಕೆಸರು ಗದ್ದೆಯಲ್ಲಿ ಕೂಸನ್ನು ಎಲ್ಲಿ ಮಲಗಿಸುವುದು? ಜೋಳದ ಹೊಲದಲ್ಲಾದರೆ ಮರಕ್ಕೆ ಜೋಳಿಗೆ ಕಟ್ಟುತ್ತಿದ್ದರು. ಗದ್ದೆಯ ಬದುವಿನಲ್ಲಿ ಮರವೇ ಇಲ್ಲ. ಹಾಗಾಗಿ ಕೂಸು ನೋಡುವ ಕೆಲಸ ಮನೆಯ ದೊಡ್ಡ ಹುಡುಗಿಗೆ. ಮನೆಯೊಳಗೆ ಒಬ್ಬಳೇ ಕೂರುವ ಬದಲು ನೆರಳಿರುವ ಶಾಲೆಗೆ ಬಂದು ಕೂತಳು ಮರೆಮ್ಮ. ಅವಳ ಹೆಸರು ಬರೆದುಕೊಂಡೆ.

ಅವಳಿಗೆ ಗೋಡೆಯ ಪಕ್ಕ, ಹಿಂದಿನ ಸುತ್ತಿನಲ್ಲಿ ಜಾಗ ಕೊಟ್ಟೆ. ಹೆಂಗಸರು ಹೊಲದಲ್ಲಿ ಮಾಡುವಂತೆ ಕೂಸಿನ ಸೊಂಟಕ್ಕೆ ಹಳೆ ಸೀರೆಯ ತುಂಡು ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಕಾಲಿಗೆ ಕಟ್ಟಿಕೊಳ್ಳುತ್ತಿದ್ದಳು. ಕೂಸು ಹಿಂದಿನ ಉಪಕಾಲುವೆಯ ಕಡೆಗೆ ಹೋಗಬಾರದಲ್ಲ. ನಾನು ಓದಲು ಎಬ್ಬಿಸಿದರೆ ಮರೆಮ್ಮ ಎದ್ದೇಳುತ್ತಿರಲಿಲ್ಲ. "ಬರಂಗಿಲ್ರಿ," ಅನ್ನುತ್ತಿದ್ದಳು. ಕುಂದ್ರು ಅನ್ನುತ್ತಿದ್ದೆ. ವರ್ಷದ ಕೊನೆಗೆ ಅವಳ ಹೆಸರಿನ ಮುಂದೆ 'ಓದಲು ಬಾರದು' ಎಂದು ಬರೆದೆ. ಎರಡನೇ ವರ್ಷವೂ ಅದನ್ನೇ ಬರೆಯಲು ತಯಾರಾಗಿದ್ದೆ.

ಹೆಡ್‌ಮಾಸ್ತರರಿಗೆ ಈ ಕೂಸು ಸರಿಬರಲಿಲ್ಲ. ಒಂದು ದಿನ ಘಂಟೆ ಹೊಡೆದ ಮೇಲೆ ಕರೆದರು.

"ಪಟದಾಗ ಇಲ್ಲದ ಕೂಸು ಶಾಲ್ಯಾಗ ಇರಬಾರದು, ಟೀಚರ್. ಇದು ದಸ್ತೂರು. ಹಿಂದ ಕೆನಾಲ್ ಅದ. ನಾಳಿ ಏನರ ಹೆಚ್ಚುಕಮ್ಮಿ ಆದ್ರ ಜವಾಬು ಯಾರು ಕೊಡವರು? ಪಟದಾಗ ಹೆಸರು ಹಾಕ್ರಿ, ಇಲ್ಲಾ ಹೊರಗ ಕಳಿಸ್ರಿ."

ಅವರ ಭಯ ಸುಳ್ಳಲ್ಲ. ಬೇಸಿಗೆ ರಜೆ ಮುಗಿಯುವ ತನಕ ಸಮಯ ಕೊಡಿ ಎಂದು ಕೇಳಿಕೊಂಡೆ.

ಅದಾಗಿ ಕೆಲವು ದಿನಕ್ಕೆ ಚಂದಮ್ಮನ ವಿದ್ಯೆ ಹೊರಬಿತ್ತು. ಅವಳಿಗಾಗ ನಾಲ್ಕು ತುಂಬುತ್ತ ಬಂದಿತ್ತು. ಎರಡನೆಯವರ ಲೆಕ್ಕ ತಿದ್ದುತ್ತ ಕೂತಿದ್ದೆ. ಚಂದಮ್ಮ ನನ್ನ ಮೇಜಿನ ಮೇಲಿನ ಪುಸ್ತಕವನ್ನು ಎಳೆದುಕೊಂಡು ನೆಲದ ಮೇಲೆ ತಲೆಕೆಳಗಾಗಿ ಇಟ್ಟು, ಬೆರಳಿನಿಂದ ಬಲದಿಂದ ಎಡಕ್ಕೆ ತಿಕ್ಕುತ್ತ ಏನೋ ಗೊಣಗುತ್ತಿದ್ದಳು. ಕೂಸು ಆಟ ಆಡುತ್ತಿದೆ ಎಂದು ನಕ್ಕು, "ಹಿಂಗಲ್ಲವ್ವಾ, ಹಿಂಗ" ಎಂದು ಪುಸ್ತಕ ಸರಿಯಾಗಿ ತಿರುಗಿಸಿದೆ. ಕೂಸು ಬಾಯಿ ಮುಚ್ಚಿತು. ನೋಡಿದಿರಾ, ಬರುವುದಿಲ್ಲ ಎಂದುಕೊಂಡೆ.

ಹಿಂದಿನಿಂದ ಮರೆಮ್ಮ ಮೆಲ್ಲಗೆ, "ಆಕಿ ಹಂಗೇ ಓದ್ತಾಳ್ರಿ," ಅಂದಳು.

"ಹ್ಯಾಂಗ?"

"ತೆಳಗ ಮ್ಯಾಗ ಮಾಡಿ. ನಾ ಪುಸ್ತಕ ಇಟ್ಕೊಂಡ್ರ ಆಕಿ ಎದುರಿಗಿ ಕುಂದ್ರತಾಳ್ರಿ. ಆಕಿಗಿ ಹಂಗೇ ಕಾಣ್ತದ."

ನಾನು ಸ್ಲೇಟು ತೆಗೆದುಕೊಂಡು 'ಸಗರ' ಎಂದು ಬರೆದೆ. ಶಹಾಪುರದ ಹತ್ತಿರದ ಊರು ಅದು, ಪುಸ್ತಕದಲ್ಲಿ ಆ ಮಾತು ಇರಲಿಲ್ಲ. ಚಂದಮ್ಮನ ಮುಂದೆ ಇಟ್ಟೆ. ಕೂಸು ಎದ್ದು, ಸ್ಲೇಟನ್ನು ಸುತ್ತು ಹಾಕಿ ಆ ಕಡೆಗೆ ಹೋಗಿ ಕೂತಿತು. ಬೆರಳು ಇಟ್ಟಿತು. "ಸ... ಗ... ರ." ಆಮೇಲೆ ಮುಖ ಎತ್ತಿ, "ಸಗರ. ನಮ್ಮತ್ತಿ ಊರ್ರಿ," ಅಂದಿತು.

ನಾನು ಎಷ್ಟು ವರ್ಷ ಪಾಠ ಮಾಡಿದರೂ ಆ ದಿನದಂಥ ದಿನ ಮತ್ತೆ ಬರಲಿಲ್ಲ. ಆದರೆ ಕೂಸನ್ನು ಎತ್ತಿಕೊಂಡು ಮುದ್ದು ಮಾಡುವಾಗಲೇ ಎದೆಯಲ್ಲಿ ಒಂದು ಪ್ರಶ್ನೆ ಚುಚ್ಚಿತು. ಇದಕ್ಕೆ ಕಲಿಸಿದವರು ಯಾರು?

"ನಿನಗ ಓದಾಕ ಬರ್ತದೇನು, ಮರೆಮ್ಮ?"

ಹೂಂ ಎಂದು ತಲೆ ಆಡಿಸಿದಳು. ಎರಡನೇ ತರಗತಿಯ ಪುಸ್ತಕ ಕೊಟ್ಟೆ, ಕೂತಲ್ಲಿಯೇ ಓದಿದಳು. ಹೆಡ್‌ಮಾಸ್ತರರ ಕೋಣೆಯಿಂದ ಮೂರನೆಯದರ ಪುಸ್ತಕ ತಂದೆ. ಅಲ್ಲಲ್ಲಿ ಒತ್ತಕ್ಷರದ ಹತ್ತಿರ ತಡೆದಳು, ಆದರೆ ಓದಿದಳು, ಓದಿದ್ದು ಏನೆಂದೂ ಹೇಳಿದಳು.

"ಮತ್ತ ಎರಡು ವರ್ಷ ಬರಂಗಿಲ್ಲ ಅಂತ ಯಾಕ ಹೇಳಿದಿ?"

"ಓದಬೇಕಂದ್ರ ಎದ್ದು ಮುಂದ ಬರಬೇಕ್ರಿ. ನಾ ಎದ್ರ ಕೂಸು ಅಳತದ. ಅದು ಅತ್ರ ನೀವು ಬೈತೀರಿ. ಬರಂಗಿಲ್ಲ ಅಂದ್ರ ಕುಂದ್ರು ಅಂತಿದ್ರಿ."

ಬಾಯಿ, ಕಣ್ಣು, ಅರ್ಥ ಎಂದು ದೊಡ್ಡ ಪಂಡಿತಳಂತೆ ಪರೀಕ್ಷೆ ಮಾಡುತ್ತಿದ್ದವಳು, ಓದಲು ಬರುವ ಹುಡುಗಿಯನ್ನು ಎದ್ದು ನಿಲ್ಲಲಿಲ್ಲ ಎಂದು ಎರಡು ವರ್ಷ ಹಿಂದೆ ಕೂರಿಸಿದ್ದೆ. ಹೊಸದಾಗಿ ನೌಕರಿಗೆ ಸೇರುವವರಿಗೆ ನನ್ನ ಮೊದಲ ಮಾತು ಇದೇ: ಮಗುವನ್ನು ನಿಮ್ಮ ಹತ್ತಿರ ಕರೆಯಬೇಡಿ, ಅದು ಕೂತಲ್ಲಿಗೆ ನೀವು ಹೋಗಿ ಓದಿಸಿ.

ಹೆಡ್‌ಮಾಸ್ತರರಿಗೆ ಹೇಳಿದೆ. ಅವರೂ ಮರೆಮ್ಮನನ್ನು ಓದಿಸಿ ನೋಡಿ, ಜೂನ್‌ನಿಂದ ನೇರ ಮೂರನೇ ತರಗತಿಗೆ ತೆಗೆದುಕೊಳ್ಳುತ್ತೇನೆ ಅಂದರು. ಕೂಸಿನದು ಏನು ಮಾಡುವುದು? ಅದೂ ಸುಲಭ ಎನಿಸಿತು ನನಗೆ. ಪಟದಲ್ಲಿ ಹೆಸರು ಹಾಕುವುದು. ಓದಲು ಬರುವ ಕೂಸನ್ನು ಹೊರಗಿಡುವುದು ಯಾವ ನ್ಯಾಯ?

ಆಗ ನಮ್ಮ ಕಡೆ ಹುಟ್ಟಿದ ತಾರೀಖು ಯಾರೂ ಬರೆದಿಡುತ್ತಿರಲಿಲ್ಲ. ದೊಡ್ಡ ಮಳೆ ಬಂದ ವರ್ಷ, ಎಮ್ಮೆ ಈದ ತಿಂಗಳು ಎಂದು ಹೇಳುತ್ತಿದ್ದರು. ಶಾಲೆಗೆ ಸೇರಿಸುವಾಗ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸುತ್ತಿದ್ದೆವು. ಮುಟ್ಟಿದರೆ ವಯಸ್ಸಾಯಿತು, ಜೂನ್ ಒಂದು ಎಂದು ಹುಟ್ಟಿದ ದಿನ ಬರೆಯುವುದು. ನನ್ನ ಇಡೀ ತರಗತಿ ಒಂದೇ ದಿನ ಹುಟ್ಟಿತ್ತು. ಚಂದಮ್ಮನ ಕೈ ಕಿವಿಗೆ ನಾಲ್ಕು ಬೆರಳು ಕಡಿಮೆ ಬಿತ್ತು. ನಾನು ಅವಳ ತಲೆಯನ್ನು ಒಂದು ಕಡೆಗೆ ಬಗ್ಗಿಸಿ ಮುಟ್ಟಿಸಿದೆ. ಅವಳ ಅವ್ವ ನಾಗಮ್ಮ ನೋಡುತ್ತ ನಿಂತಿದ್ದಳು. "ಮುಟ್ಟಿತು ನೋಡವ್ವಾ, ಇನ್ನ ಇಬ್ಬರನ್ನೂ ದಿನಾ ಕಳಿಸು," ಅಂದೆ. ಖುಷಿಯಿಂದ ಹೆಸರು ಬರೆದೆ.

ಜೂನ್ ತಿಂಗಳು ಇಬ್ಬರೂ ಬಂದರು. ಮರೆಮ್ಮ ಹೆಡ್‌ಮಾಸ್ತರರ ಕೋಣೆಯಲ್ಲಿ ಮೊದಲ ಸಲ ಕಾಲಿಗೆ ಏನೂ ಕಟ್ಟಿಕೊಳ್ಳದೆ ಕೂತಳು. ಚಂದಮ್ಮ ನನ್ನ ಮುಂದೆ. ಮಳೆ ಬಿದ್ದು ಕಾಲುವೆಗೆ ನೀರು ಬಿಟ್ಟರು. ನಾಟಿ ಶುರುವಾದ ವಾರ ಚಂದಮ್ಮ ಒಬ್ಬಳೇ ಬಂದಳು. ಮರುದಿನವೂ ಒಬ್ಬಳೇ. ಪಕ್ಕದ ಮನೆಯ ಹುಡುಗಿ ಕೈಹಿಡಿದು ತಂದು ಬಿಟ್ಟು ಹೋದಳು.

"ಅಕ್ಕ ಎಲ್ಲವ್ವಾ?"

"ನೆಲ್ಲು ಹಚ್ಚಾಕ ಹೋಗ್ಯಾಳ್ರಿ."

ಜ್ವರ ಬಂದಿಲ್ಲ, ಊರಿಗೆ ಹೋಗಿಲ್ಲ, ಎರಡು ದಿನದ ಮಾತಿರಬೇಕು ಎಂದು ವಾರ ಕಾದೆ. ಮರೆಮ್ಮ ಬರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬದುವಿನ ಮೇಲೆ ನಡೆದುಕೊಂಡು ಗದ್ದೆಗೆ ಹೋದೆ. ಹೆಂಗಸರ ಸಾಲಿನಲ್ಲಿ ಕೊನೆಗೆ ಮರೆಮ್ಮ, ಅವ್ವನ ಪಕ್ಕದಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದಳು. ನಾಗಮ್ಮ ಸೊಂಟ ಎತ್ತಿ ನಿಂತು, ಕೈಯ ಕೆಸರು ಝಾಡಿಸಿ ಬದುವಿಗೆ ಬಂದಳು.

"ಮರೆಮ್ಮನ ಯಾಕ ಶಾಲಿ ಬಿಡಿಸಿದಿ?" ಎಂದು ಕೇಳಿದೆ.

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಎನಿಸಿತು. "ಬಿಡಿಸಿದ್ದು ಎಲ್ರಿ? ಆಕಿ ಕೂಸಿನ ನೋಡ್ಲಾಕ ಬರ್ತಿದ್ಳು. ಈಗ ಕೂಸಿಗಿ ನೀವೇ ಸೇರಿಸ್ಕೊಂಡೀರಿ. ಇನ್ನ ಆಕಿಗಿ ಅಲ್ಲೇನು ಕೆಲಸ ಅದರಿ?"

ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಮರೆಮ್ಮ ಶಾಲೆಗೆ ಬರಲು ಇದ್ದ ಒಂದೇ ಕಾರಣ ಆ ಕೂಸು. ಆ ಕಾರಣವನ್ನು ನಾನೇ, ತಲೆ ಬಗ್ಗಿಸಿ, ಜೂನ್ ಒಂದು ಎಂದು ಬರೆದು ತೆಗೆದುಹಾಕಿದ್ದೆ. ನಾಲ್ಕು ವರ್ಷದ ಕೂಸು ಓದುತ್ತದೆ ಎಂಬ ಸಂಭ್ರಮದಲ್ಲಿ ಹತ್ತು ವರ್ಷದವಳನ್ನು ಕೆಸರಿಗೆ ಇಳಿಸಿದ್ದೆ. ನಾಗಮ್ಮ ಕೆಟ್ಟ ತಾಯಿಯಲ್ಲ. ಬೇಕಾದರೆ ಕೂಗಾಡಬಹುದಿತ್ತು ನಾನು, ಆದರೆ ಕೂಗಾಡುವುದು ಯಾರ ಮೇಲೆ?

ಮರೆಮ್ಮ ಅಲ್ಲಿಂದಲೇ ನನ್ನನ್ನು ನೋಡಿ ನಕ್ಕಳು. ಕೈಬಿಡದೆ ಸಸಿ ಹಚ್ಚುತ್ತಿದ್ದಳು. ಆ ನಗು ನನಗೆ ಸಹಿಸಲಾಗಲಿಲ್ಲ, ವಾಪಸು ಬಂದೆ.

ಭಾನುವಾರ ಶಹಾಪುರದ ನನ್ನ ಕೋಣೆಯಲ್ಲಿ ಕೂತು ಯೋಚಿಸಿದೆ. ನಾಗಮ್ಮನಿಗೆ ಓದಿನ ಮಹತ್ವ ಹೇಳಬಹುದು, ಅವಳು ಹೌದ್ರಿ ಹೌದ್ರಿ ಅನ್ನುತ್ತಾಳೆ, ಮರುದಿನ ಗದ್ದೆಗೆ ಕರೆದುಕೊಂಡು ಹೋಗುತ್ತಾಳೆ. ಉಳಿದದ್ದು ಒಂದೇ ದಾರಿ. ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ತರರ ಮುಂದೆ ನಿಂತೆ.

"ಸರ್, ಚಂದಮ್ಮನ ಹೆಸರು ಪಟದಿಂದ ತೆಗೀಬೇಕು."

ಅವರು ಕನ್ನಡಕ ತೆಗೆದರು. "ಟೀಚರ್, ನಿಮಗ ಆರಾಮ ಅದ ಇಲ್ಲೋ? ಮೊನ್ನೆ ಹಾಕ್ರಿ ಅಂದೋರು ನೀವೇ."

ಎಲ್ಲವನ್ನೂ ಹೇಳಿದೆ. ತಲೆ ಬಗ್ಗಿಸಿದ್ದನ್ನೂ ಹೇಳಿದೆ. ಅವರು ಪಟ ತೆರೆದು ಆ ಪುಟವನ್ನು ನೋಡಿದರು. ಸ್ವಚ್ಛ ಪುಟ ಅದು, ಒಂದು ಗೀಟೂ ಇರಲಿಲ್ಲ. ಕೊನೆಗೆ ಕೆಂಪು ಮಸಿ ತೆಗೆದು ಸ್ಕೇಲು ಇಟ್ಟು ಚಂದಮ್ಮನ ಹೆಸರಿನ ಮೇಲೆ ತಾವೇ ಗೀಟು ಎಳೆದು, 'ವಯಸ್ಸು ಸಾಲದು' ಎಂದು ಬರೆದರು. "ಕೂಸು ನನ್ನ ಖೋಲ್ಯಾಗ ಕುಂದ್ರಲಿ," ಅಂದರು. "ಕೆನಾಲ್ ಕಡಿ ಹೋಗದಂಗ ನಾ ನೋಡ್ಕೋತೀನಿ." ಅವರ ಬಗ್ಗೆ ಬೆನ್ನ ಹಿಂದೆ ಆಡಿದ ಮಾತಿಗೆ ಅವತ್ತು ನಾಚಿಕೆಯಾಯಿತು.

ನಾಗಮ್ಮನನ್ನು ಕರೆಸಿದೆವು. ಅವಳ ಮುಂದೆ ಚಂದಮ್ಮನ ಕೈ ಎತ್ತಿಸಿ, ತಲೆ ನೆಟ್ಟಗೆ ಇಟ್ಟು ತೋರಿಸಿದೆ.

"ಮೊನ್ನೆ ಮುಟ್ಟಿತ್ತಲ್ರಿ, ಇವತ್ತ ಯಾಕ ಮುಟ್ಟಂಗಿಲ್ಲ?"

"ಮೊನ್ನೆ ನಾ ತಲಿ ಬಗ್ಗಿಸಿದ್ದೆ, ನಾಗಮ್ಮ. ತಪ್ಪು ನಂದೇ ಅದ. ಕೂಸಿನ ಮನಿಗಿ ಕರಕೊಂಡು ಹೋಗು."

ನಾಗಮ್ಮ ನನ್ನನ್ನೂ ಕೂಸನ್ನೂ ನೋಡಿದಳು. "ಹಂಗಾದ್ರ ಮರೆಮ್ಮ ಕೂಡ ಬೇಕಾಗ್ತದಲ್ರಿ ಇದಕ್ಕ," ಎಂದು ತನ್ನಷ್ಟಕ್ಕೆ ಲೆಕ್ಕ ಹಾಕಿದಳು. ಕೂಸು ನೋಡುವವಳು ಮೊದಲಿನಂತೆ ನೆರಳಿಗೆ ಶಾಲೆಗೇ ಬರುತ್ತಾಳೆ ಎಂಬುದು ನನ್ನ ಲೆಕ್ಕ. ಬಾಯಿ ತೆರೆದರೆ ಕೆಡುತ್ತದೆ ಎಂಬ ಭಯ. ಮರುದಿನ ಬೆಳಿಗ್ಗೆ ಮರೆಮ್ಮ ಕಂಕುಳಲ್ಲಿ ತಂಗಿಯನ್ನು ಎತ್ತಿಕೊಂಡು ಬಂದಳು. ನಡೆಯಬಲ್ಲ ಕೂಸನ್ನು ಎತ್ತಿಕೊಂಡೇ ಬಂದದ್ದು ಊರಿಗೆ ಕಾಣಲಿ ಎಂದೇ ಇರಬೇಕು, ಗೇಟು ದಾಟಿದ ಕೂಡಲೇ ಇಳಿಸಿದಳು.

ಆ ವರ್ಷ ಚಂದಮ್ಮ ಹೆಡ್‌ಮಾಸ್ತರರ ಮೇಜಿನ ಪಕ್ಕ ಕೂತಳು. ತಿಂಗಳು ಕಳೆಯುವಷ್ಟರಲ್ಲಿ ಅವರೇ, "ಈ ಕೂಸು ನನ್ನ ಮೂರ್ನೇ ಕ್ಲಾಸಿನವರ ತಪ್ಪು ತಿದ್ದಲಾಕತ್ತದ," ಎಂದು ದೂರು ಹೇಳಿದರು, ದೂರಿನಂತೆ ಕೇಳಿಸಲಿಲ್ಲ ಅದು. ಪುಸ್ತಕ ಸರಿಯಾಗಿ ಇಟ್ಟು ಓದುವುದು ಅವಳಿಗೆ ನಿಧಾನಕ್ಕೆ ಬಂತು. ನಾನು ತಿದ್ದಲು ಹೋಗಲಿಲ್ಲ. ಮರೆಮ್ಮನೇ ಒಂದು ದಿನ ಎದುರಿಗೆ ಕೂರಿಸುವುದನ್ನು ಬಿಟ್ಟು ಪಕ್ಕದಲ್ಲಿ ಕೂರಿಸಿಕೊಂಡಳಂತೆ. ನನ್ನ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟ ಉಪಾಯವಲ್ಲ ಅದು.

ಮುಂದಿನ ಜೂನ್ ಬಂತು. ಚಂದಮ್ಮನಿಗೆ ಐದು ದಾಟಿತ್ತು, ಮೈಯೂ ಉದ್ದ ಬೆಳೆದಿತ್ತು. ಮರೆಮ್ಮ ನಾಲ್ಕಕ್ಕೆ ಬಂದಿದ್ದಳು. ನಾಗಮ್ಮ ಕೂಸನ್ನು ತಂದು ನಿಲ್ಲಿಸಿ, "ಈ ಸಲ ಮುಟ್ಟತದ್ರಿ," ಅಂದಳು. ನನಗೂ ಹಾಗೇ ಕಂಡಿತು, ಮುಟ್ಟಿದರೆ ಮರೆಮ್ಮನ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಚಂದಮ್ಮ ಕೈ ಎತ್ತಿ ತಲೆಯ ಮೇಲಿಂದ ತಂದಳು. ಕಿವಿಗೆ ಎರಡು ಬೆರಳು ಇರುವಾಗ ಕೈ ನಿಂತಿತು. ಮೊಣಕೈ ಮಡಚಿಯೇ ಇತ್ತು, ಇನ್ನೂ ಚಾಚಬಹುದಾಗಿತ್ತು. ಬಾಗಿಲಲ್ಲಿ ನಿಂತಿದ್ದ ಮರೆಮ್ಮ ನೆಲ ನೋಡುತ್ತಿದ್ದಳು. ಹೆಡ್‌ಮಾಸ್ತರರು ಕೆಮ್ಮಿ, "ಇನ್ನಾ ಒಂದು ವರ್ಷ ಬೇಕವ್ವಾ," ಎಂದು ಪಟ ಮುಚ್ಚಿದರು. ನಾಗಮ್ಮನಿಗೆ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಾದಳೋ, ನಾನು ಇವತ್ತಿಗೂ ಹೇಳಲಾರೆ.

ಈಗ ಸುರಪುರದಲ್ಲಿ ಮೂರು ವರ್ಷದ ಮಕ್ಕಳಿಗೆ ಪುಟಗಟ್ಟಲೆ ಬರೆಸುವುದನ್ನು ನೋಡುತ್ತೇನೆ. ಬರೆಯದಿದ್ದರೆ ತಾಯಂದಿರು ಕಣ್ಣೀರು ಹಾಕುತ್ತಾರೆ. ನನ್ನ ನೌಕರಿಯ ಕಾಲದಲ್ಲೇ ಶಾಲೆಗಳಿಗೆ ಅಕ್ಷರದ ಕಾರ್ಡುಗಳ ಪದ್ಧತಿ ಬಂತು, ಬಣ್ಣದ ಚಿತ್ರ ಬಂತು. ಬೋನಾಳದ ಹತ್ತಿರದ ಶಾಲೆಯಲ್ಲಿದ್ದಾಗ ಕೆರೆಯ ಹಕ್ಕಿಗಳ ಹೆಸರು ಬರೆಸಿ ಓದು ಕಲಿಸಿದೆ, ಅದೂ ಚೆನ್ನಾಗಿ ನಡೆಯಿತು. ಯಾವ ಪದ್ಧತಿಯನ್ನೂ ನಾನು ಹಳಿಯುವುದಿಲ್ಲ. ಕೆಲವು ಮಕ್ಕಳು ನಾಲ್ಕಕ್ಕೆ ಓದುತ್ತವೆ, ಕೆಲವು ಎಂಟಕ್ಕೆ. ಎಂಟಕ್ಕೆ ಓದಿದವರು ದಡ್ಡರಾದದ್ದನ್ನು ನಾನು ಕಂಡಿಲ್ಲ. ಆದರೆ ಒಂದು ಮಗುವಿನ ಓದಿಗೆ ಇನ್ನೊಂದು ಮಗು ಬೆಲೆ ತೆರುತ್ತಿದೆಯೇ ಎಂದು ಆ ಮನೆಯ ಒಳಗೆ ಹೋಗಿ ನೋಡದೆ, ವಯಸ್ಸಾಯಿತು ವಯಸ್ಸಾಗಲಿಲ್ಲ ಎಂದು ಹೇಳಬೇಡಿ.

ಮರೆಮ್ಮ ನಾಲ್ಕನೇ ತರಗತಿ ಮುಗಿಸಿದಳು. ಮುಂದಿನ ಊರಿನ ಶಾಲೆಗೆ ಕಳಿಸಿ ಎಂದು ಹೆಡ್‌ಮಾಸ್ತರರೂ ನಾನೂ ಅವಳ ಮನೆಗೆ ಎರಡು ಸಲ ಹೋದೆವು. ಅವಳ ಅಪ್ಪ ಚಹಾ ಕೊಟ್ಟ, ಬೈಯಲಿಲ್ಲ, ಒಪ್ಪಲೂ ಇಲ್ಲ. ನಮ್ಮ ಉಪಾಯ ಅಲ್ಲಿಗೆ ಮುಗಿಯಿತು. ಎರಡು ವರ್ಷ ಸಿಕ್ಕಿತ್ತು, ಮೂರನೆಯದು ಸಿಗಲಿಲ್ಲ.

ಜೂನ್‌ನಲ್ಲಿ ಚಂದಮ್ಮನನ್ನು ಸೇರಿಸಲು ಮರೆಮ್ಮನೇ ಕರೆದುಕೊಂಡು ಬಂದಳು. ಹೊಲಕ್ಕೆ ಹೋಗುವ ಸೀರೆ ಉಟ್ಟಿದ್ದಳು, ಹನ್ನೆರಡು ವರ್ಷದವಳಿಗೆ ಅದು ದೊಡ್ಡದಾಗಿತ್ತು. ತಂಗಿಯ ಕೈ ಎತ್ತಿಸಲು ನಾವು ಹೇಳಲೇ ಇಲ್ಲ. ಪಟ ತೆರೆದು ಪೆನ್ನಿನ ಮುಚ್ಚಳ ತೆಗೆದೆ.

"ಟೀಚರ್, ಆಕಿ ಹೆಸರು ನಾ ಬರೀಲಿ ಏನ್ರಿ?"

ನಾನು ಹೆಡ್‌ಮಾಸ್ತರರನ್ನು ನೋಡಿದೆ. ಶಿಕ್ಷಕರಲ್ಲದವರು ಪಟ ಮುಟ್ಟುವುದನ್ನು ಅವರು ತಮ್ಮ ನೌಕರಿಯಲ್ಲಿ ಒಮ್ಮೆಯೂ ಬಿಟ್ಟವರಲ್ಲ. ಅವರು ತಮ್ಮ ಪೆನ್ನನ್ನೇ ಅವಳಿಗೆ ಕೊಟ್ಟು, ಕುರ್ಚಿ ಬಿಟ್ಟು ಎದ್ದರು. ಮರೆಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ನಿಂತುಕೊಂಡೇ, ತಂಗಿ ಪಕ್ಕದಿಂದ ನೋಡುತ್ತಿರುವಾಗ, ಒಂದೊಂದೇ ಅಕ್ಷರವನ್ನು ದುಂಡಗೆ ಬರೆದಳು. ಬರೆದದ್ದನ್ನು ಚಂದಮ್ಮನಿಂದ ಓದಿಸಿದಳು. ಆಮೇಲೆ ಮಸಿ ಆರುವ ತನಕ ಊದಿ, ಪೆನ್ನು ವಾಪಸು ಕೊಟ್ಟು, ನಾಟಿಗೆ ಹೊತ್ತಾಯಿತು ಎಂದು ಹೋದಳು.